ಶುರುವಾದದ್ದು ಹೆಚ್ಚು, ಮುಗಿದದ್ದು ಕಡಿಮೆ: ಕಚೇರಿ ಕೆಲಸದ ಅಚ್ಚುಕಟ್ಟಿನ ಬಗ್ಗೆ

ಮೊದಲು ಒಂದು ಸಣ್ಣ ಕೆಲಸ ಮಾಡೋಣ. ನಿಮ್ಮ ಮುಂದೆ ಒಂದು ಖಾಲಿ ಹಾಳೆ ಇದೆ. ನೀವು ಈಗಾಗಲೇ ಕೈ ಹಾಕಿ ಇನ್ನೂ ಮುಗಿಸದ ಕಚೇರಿ ಕೆಲಸಗಳನ್ನೆಲ್ಲ ಅದರಲ್ಲಿ ಬರೆಯಿರಿ. ಅರ್ಧ ಬರೆದ ವರದಿ, ಆಮೇಲೆ ಉತ್ತರ ಕೊಡೋಣವೆಂದು ಗುರುತು ಹಾಕಿಟ್ಟ ಇಮೇಲ್, "ನೋಡಿ ಹೇಳ್ತೀನಿ" ಅಂತ ಯಾರಿಗೋ ಕೊಟ್ಟ ಮಾತು, ಸಹಿಗೆ ಹೋಗಿ ವಾಪಸ್ ಬಾರದ ಫೈಲು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಐದು ನಿಮಿಷ ಸಾಕು.

ಬರೆದಿರಾ? ಹತ್ತಕ್ಕಿಂತ ಕಡಿಮೆ ಇರುವವರು ಕೈ ಎತ್ತಿ. ಮೂರ್ನಾಲ್ಕು ಕೈ ಕಾಣುತ್ತಿದೆ. ಇಪ್ಪತ್ತು ದಾಟಿದವರು? ಸಭಾಂಗಣದ ಅರ್ಧಕ್ಕೂ ಹೆಚ್ಚು.

ಇವತ್ತು ನನ್ನ ಮಾತೆಲ್ಲ ಈ ಹಾಳೆಯ ಸುತ್ತವೇ. ಕೆಲಸ ಹಿಂದೆ ಬಿದ್ದಾಗ ನಾವು ತಪ್ಪನ್ನು ಸೋಮಾರಿತನದ ಮೇಲೋ ಶಿಸ್ತಿಲ್ಲದಿರುವುದರ ಮೇಲೋ ಹಾಕುತ್ತೇವೆ. ನಾನು ತರಬೇತಿ ಕೊಟ್ಟ ಕಚೇರಿಗಳಲ್ಲಿ ಬಹಳ ಹಿಂದೆ ಬಿದ್ದವರು ಬಹುತೇಕ ಚೆನ್ನಾಗಿ ದುಡಿಯುವವರೇ. ಯಾರು ಏನು ಕೇಳಿದರೂ ಆಗಲಿ ಎನ್ನುತ್ತಾರೆ, ಹೇಳಿದ ಕೂಡಲೇ ಶುರು ಮಾಡುತ್ತಾರೆ. ಅವರಿಗೆ ತೊಂದರೆ ಕೊಡುವುದು ಆ ಶುರುವೇ. ಏಕಕಾಲಕ್ಕೆ ಇಷ್ಟು ಕೆಲಸ ತೆರೆದಿಟ್ಟುಕೊಂಡರೆ ಯಾರಿಂದಲೂ ಮುಗಿಸಲಾಗುವುದಿಲ್ಲ. ಇದು ಗುಣದೋಷದ ಮಾತಲ್ಲ, ಲೆಕ್ಕದ ಮಾತು.

ಆ ಲೆಕ್ಕವನ್ನೇ ಮೊದಲು ನೋಡೋಣ. ಅಮೆರಿಕದ ಸಂಶೋಧಕ ಜಾನ್ ಲಿಟಲ್ 1961ರಲ್ಲಿ ಸರತಿ ಸಾಲುಗಳ ಬಗ್ಗೆ ಒಂದು ಸರಳ ಸಂಬಂಧವನ್ನು ಗಣಿತದಿಂದ ಸಾಧಿಸಿ ತೋರಿಸಿದರು. ದೀರ್ಘಾವಧಿಯ ಸರಾಸರಿಯಲ್ಲಿ, ಒಂದು ಕಡೆ ಸೇರಿಕೊಂಡಿರುವ ಕೆಲಸಗಳ ಸಂಖ್ಯೆಯನ್ನು ದಿನಕ್ಕೆ ಮುಗಿಯುವ ಕೆಲಸಗಳಿಂದ ಭಾಗಿಸಿದರೆ, ಒಂದು ಕೆಲಸ ಅಲ್ಲಿ ಎಷ್ಟು ದಿನ ಉಳಿಯುತ್ತದೆ ಎಂಬುದು ಸಿಗುತ್ತದೆ. ಕಾರ್ಖಾನೆಗೂ ಆಸ್ಪತ್ರೆಗೂ ಬಳಸುವ ಈ ಲೆಕ್ಕ ನಿಮ್ಮ ಮೇಜಿಗೂ ಸರಿಯಾಗಿ ಹೊಂದುತ್ತದೆ. ನೀವು ದಿನಕ್ಕೆ ಮೂರು ಕೆಲಸ ಮುಗಿಸುತ್ತೀರಿ, ಕೈಯಲ್ಲಿ 30 ಇವೆ ಅಂದುಕೊಳ್ಳಿ. ಪ್ರತಿ ಕೆಲಸವೂ ಸರಾಸರಿ 10 ದಿನ ನಿಮ್ಮ ಬಳಿ ಇರುತ್ತದೆ. ಕೈಯಲ್ಲಿ 12 ಮಾತ್ರ ಇಟ್ಟುಕೊಂಡರೆ ಅದು 4 ದಿನವಾಗುತ್ತದೆ. ನಿಮ್ಮ ವೇಗ ಒಂದಿಷ್ಟೂ ಹೆಚ್ಚಲಿಲ್ಲ. ಒಂದು ನಿಮಿಷವೂ ಹೆಚ್ಚಿಗೆ ಕೂರಲಿಲ್ಲ.

ನೀವು ಕೇಳಬಹುದು: ಮಿಕ್ಕ 18 ಎಲ್ಲಿಗೆ ಹೋದವು? ಒಳಗೆ ಕಾಯುವ ಬದಲು ಬಾಗಿಲ ಹೊರಗೆ ಕಾಯುತ್ತಿವೆ, ಅಷ್ಟೇ ತಾನೆ? ನ್ಯಾಯವಾದ ಪ್ರಶ್ನೆ. ಅದಕ್ಕೆ ಒಂದು ಉದಾಹರಣೆ ಕೊಡುತ್ತೇನೆ, ಬೇಕಾದರೆ ಹಾಳೆಯ ಮೂಲೆಯಲ್ಲಿ ಗುರುತು ಮಾಡಿಕೊಳ್ಳಿ.

ನಿಮ್ಮ ಬಳಿ ಮೂರು ಕೆಲಸಗಳಿವೆ, ಒಂದೊಂದಕ್ಕೂ ಎರಡು ದಿನ ಬೇಕು. ಮೂವರೂ ಕೇಳುತ್ತಿದ್ದಾರೆ, ಯಾರಿಗೂ ಬೇಸರವಾಗಬಾರದು ಎಂದು ದಿನಕ್ಕೊಂದರಂತೆ ಸರದಿಯಲ್ಲಿ ಮಾಡುತ್ತೀರಿ. ಮೊದಲ ದಿನ ಒಂದನೆಯದು, ಎರಡನೆಯ ದಿನ ಎರಡನೆಯದು, ಮೂರನೆಯ ದಿನ ಮೂರನೆಯದು, ಆಮೇಲೆ ಮತ್ತೆ ಮೊದಲಿನಿಂದ. ಒಂದನೆಯದು ಮುಗಿಯುವುದು 4ನೇ ದಿನ, ಎರಡನೆಯದು 5ನೇ ದಿನ, ಮೂರನೆಯದು 6ನೇ ದಿನ. ಈಗ ಒಂದನ್ನು ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗಿ ನೋಡಿ. 2, 4, 6. ಕೊನೆಯವರಿಗೆ ಒಂದು ದಿನವೂ ತಡವಾಗಲಿಲ್ಲ. ಮೊದಲ ಇಬ್ಬರಿಗೆ ಕೆಲಸ ಮುಂಚೆಯೇ ಸಿಕ್ಕಿತು. ಎಲ್ಲರನ್ನೂ ಸಮಾಧಾನಪಡಿಸಲು ಹೊರಟಾಗ ಇಬ್ಬರಿಗೆ ಸುಮ್ಮನೆ ತಡ ಮಾಡಿದ್ದೆವು. ಒಂದರಿಂದ ಇನ್ನೊಂದಕ್ಕೆ ಹಾರುವಾಗ ಕಳೆದುಹೋಗುವ ಹೊತ್ತನ್ನು ನಾನು ಇಲ್ಲಿ ಸೇರಿಸಿಯೇ ಇಲ್ಲ.

ಬಾಗಿಲ ಹೊರಗಿರುವ ಕೆಲಸಕ್ಕೆ ಇನ್ನೂ ಒಂದು ಅನುಕೂಲವಿದೆ. ಶುರುವಾಗದ ಕೆಲಸದ ಕ್ರಮ ಬದಲಿಸಬಹುದು, ಬೇರೆಯವರಿಗೆ ಒಪ್ಪಿಸಬಹುದು. ಎಷ್ಟೋ ಸಲ ಎರಡು ವಾರ ಬಿಟ್ಟು ಕೇಳಿದರೆ "ಅದು ಈಗ ಬೇಡ" ಎಂದೂ ಹೇಳುತ್ತಾರೆ. ಅರ್ಧ ಮಾಡಿದ ಕೆಲಸವನ್ನು ಕೈಬಿಡಲು ಮನಸ್ಸು ಬರುವುದಿಲ್ಲ.

ಇನ್ನು, ಹಾರುವಾಗ ಕಳೆದುಹೋಗುವ ಹೊತ್ತಿನ ವಿಷಯ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಸಂಬಂಧಿಸಿದ್ದು. ಒಂದು ಕೆಲಸವನ್ನು ಮುಗಿಸದೆ ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತದೆ, ಎರಡನೆಯ ಕೆಲಸದ ಮಟ್ಟ ಇಳಿಯುತ್ತದೆ ಎಂದು ಅವರು ತೋರಿಸಿದರು. ಬಜೆಟ್ ಲೆಕ್ಕದ ನಡುವೆ ಎದ್ದು ಮೀಟಿಂಗಿಗೆ ಹೋದವರ ಕಣ್ಣು ನೋಡಿ, ಅವರು ಇನ್ನೂ ಎಕ್ಸೆಲ್ ಶೀಟಿನಲ್ಲೇ ಇರುತ್ತಾರೆ.

ಮನಸ್ಸು ಮುಗಿಯದ ಕೆಲಸವನ್ನು ಹಿಡಿದುಕೊಳ್ಳುತ್ತದೆ ಎಂಬ ಮಾತಿಗೆ ಹಳೆಯ ಇತಿಹಾಸವಿದೆ. 1927ರಲ್ಲಿ ಬ್ಲೂಮಾ ಝೈಗಾರ್ನಿಕ್ ಎಂಬ ಮನೋವಿಜ್ಞಾನಿ ಬರ್ಲಿನ್‌ನಲ್ಲಿ ತಾವು ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಜನರಿಗೆ ಒಗಟು, ಲೆಕ್ಕ, ಜೇಡಿಮಣ್ಣಿನ ಗೊಂಬೆ ಇಂಥ ಸಣ್ಣ ಸಣ್ಣ ಕೆಲಸಗಳನ್ನು ಕೊಟ್ಟು, ಅರ್ಧದಷ್ಟನ್ನು ನಡುವೆಯೇ ನಿಲ್ಲಿಸಿದರು. ನಿಲ್ಲಿಸಿದ ಕೆಲಸಗಳೇ ಜನರಿಗೆ ಹೆಚ್ಚು ನೆನಪಿದ್ದವು. ಆಮೇಲೆ ಈ ಪ್ರಯೋಗವನ್ನು ಮತ್ತೆ ಮಾಡಿದ ಎಲ್ಲರಿಗೂ ಅದೇ ಫಲ ಬರಲಿಲ್ಲ, ಹಾಗಾಗಿ ಅದನ್ನು ನಿಯಮವೆಂಬಂತೆ ನಾನು ಹೇಳುವುದಿಲ್ಲ. ನನಗೆ ಹೆಚ್ಚು ಉಪಯುಕ್ತವೆನಿಸಿದ್ದು 2011ರ ಇನ್ನೊಂದು ಅಧ್ಯಯನ, ಮಸಿಕಾಂಪೊ ಮತ್ತು ಬಾಮೈಸ್ಟರ್ ಎಂಬವರದು. ಬಾಕಿ ಗುರಿಗಳು ಮನಸ್ಸಿನಲ್ಲಿದ್ದರೆ ಮುಂದಿನ ಕೆಲಸಕ್ಕೆ ಅಡ್ಡ ಬರುತ್ತವೆ ಎಂಬುದು ಅಲ್ಲಿಯೂ ಕಂಡಿತು. ಆದರೆ ಆ ಬಾಕಿಯನ್ನು ಯಾವಾಗ, ಹೇಗೆ ಮಾಡುತ್ತೇನೆಂದು ಖಚಿತವಾಗಿ ಯೋಜಿಸಿಕೊಂಡವರಿಗೆ ಆ ಕಾಟ ತಪ್ಪಿತು. ಗಮನಿಸಿ, ಅವರು ಕೆಲಸ ಮುಗಿಸಿರಲಿಲ್ಲ, ಯೋಜನೆ ಮಾತ್ರ ಮಾಡಿದ್ದರು. ಬರೆದಿಡುವುದು ಇಷ್ಟು ನೆಮ್ಮದಿ ಕೊಡುವುದು ಯಾಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಗೊತ್ತಿಲ್ಲ.

ಹಾಗಾದರೆ ಎಲ್ಲಿ ಬರೆಯಬೇಕು? ಒಂದೇ ಕಡೆ. ಅದು ನೋಟ್‌ಬುಕ್ಕಾಗಲಿ, ಫೋನಿನ ಆಪ್ ಆಗಲಿ, ನನಗೆ ಭೇದವಿಲ್ಲ. ಯಾವ ಆಪ್ ಒಳ್ಳೆಯದು ಎಂಬ ಚರ್ಚೆಗೆ ಜನ ಎಷ್ಟು ಹೊತ್ತು ಕೊಡುತ್ತಾರೋ ಅದರಲ್ಲಿ ಕಾಲು ಭಾಗ ಪಟ್ಟಿಯನ್ನು ಸರಿಯಾಗಿ ಬರೆಯಲು ಕೊಟ್ಟರೆ ಸಾಕು. ಸ್ಟಿಕ್ಕಿ ನೋಟಿನಲ್ಲಿ ನಾಲ್ಕು, ಡೈರಿಯಲ್ಲಿ ಎಂಟು, ಇನ್‌ಬಾಕ್ಸಿನಲ್ಲಿ ಹದಿನೈದು, ತಲೆಯಲ್ಲಿ ಎಷ್ಟೋ ಎಂದಾದಾಗ ಯಾವ ಪಟ್ಟಿಯನ್ನೂ ನಂಬಲಾಗುವುದಿಲ್ಲ. ನಂಬದ ಪಟ್ಟಿಯನ್ನು ಮನಸ್ಸು ಬಿಟ್ಟುಕೊಡುವುದೂ ಇಲ್ಲ.

ಹೇಗೆ ಬರೆಯಬೇಕು ಎಂಬುದರಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಹೆಚ್ಚಿನ ಪಟ್ಟಿಗಳು ಕೆಡುವುದು ಇಲ್ಲಿಯೇ. ನಿಮ್ಮ ಹಾಳೆಯನ್ನು ಇನ್ನೊಮ್ಮೆ ನೋಡಿ. "ವಾರ್ಷಿಕ ವರದಿ" ಎಂದು ಬರೆದವರು ಇದ್ದೀರಿ ತಾನೆ? ಅದು ಕೆಲಸವಲ್ಲ, ಒಂದು ಹೆಸರು. ಅದನ್ನು ನೋಡಿದಾಗಲೆಲ್ಲ ಎಲ್ಲಿಂದ ಶುರು ಮಾಡಲಿ ಎಂದು ಮತ್ತೆ ಮೊದಲಿನಿಂದ ಯೋಚಿಸಬೇಕು. ಯೋಚಿಸುವುದು ಭಾರವೆನಿಸಿ ಇಮೇಲ್ ತೆರೆಯುತ್ತೇವೆ. ಅದರ ಬದಲು "ಕಳೆದ ವರ್ಷದ ವರದಿಯ ಅಧ್ಯಾಯಗಳ ಪಟ್ಟಿಯನ್ನು ನಕಲು ಮಾಡಿ, ಯಾವುದಕ್ಕೆ ಯಾರಿಂದ ಮಾಹಿತಿ ಬೇಕೆಂದು ಎದುರಿಗೆ ಬರೆಯುವುದು" ಎಂದಿದ್ದರೆ, ಊಟದ ನಂತರದ ಮಂಕು ಹೊತ್ತಿನಲ್ಲೂ ಅದನ್ನು ಮಾಡಬಹುದು. ಬರೆಯುವಾಗ ಕ್ರಿಯಾಪದ ಇರಲಿ, ಕೂತು ಮಾಡಲು ಆಗುವಷ್ಟು ಸಣ್ಣದಿರಲಿ. ನಾಳೆ ಅದನ್ನು ಓದುವ ನೀವು ಇವತ್ತಿನ ನಿಮ್ಮಷ್ಟು ವಿಷಯದ ಒಳಗಿರುವುದಿಲ್ಲ ಎಂದು ನೆನಪಿಟ್ಟುಕೊಂಡು ಬರೆಯಿರಿ.

ಪಟ್ಟಿಯಲ್ಲಿ ಒಂದು ಭಾಗವನ್ನು ಬೇರೆ ಮಾಡಿ: ಬೇರೆಯವರಿಂದ ಬರಬೇಕಾದದ್ದು. ನಾನು ಹೇಳುವ ಎಲ್ಲದರಲ್ಲಿ ಒಂದನ್ನು ಮಾತ್ರ ಮಾಡುತ್ತೀರಿ ಎಂದರೆ ಇದನ್ನೇ ಮಾಡಿ. ಕಚೇರಿಯಲ್ಲಿ ನಿಂತುಹೋದ ಕೆಲಸಗಳಲ್ಲಿ ಬಹಳಷ್ಟು ನಮ್ಮ ಕೈಯಲ್ಲಿ ನಿಂತಿರುವುದಿಲ್ಲ. ಲೆಕ್ಕಪತ್ರ ವಿಭಾಗದಿಂದ ಅಂಕಿ ಬರಬೇಕು, ಮ್ಯಾನೇಜರ್ ಒಪ್ಪಿಗೆ ಬರಬೇಕು, ಹೊರಗಿನವರು ಕೊಟೇಶನ್ ಕಳಿಸಬೇಕು. ಕೇಳಿ ಬಿಟ್ಟಿರುತ್ತೇವೆ, ಕೇಳಿದ್ದು ಮರೆತಿರುತ್ತದೆ. ಗಡುವಿನ ಹಿಂದಿನ ದಿನ ನೆನಪಾಗಿ ಓಡಾಡುತ್ತೇವೆ. ಈ ಭಾಗದಲ್ಲಿ ನಾಲ್ಕು ವಿವರ ಬರೆಯಿರಿ: ಯಾರಿಂದ, ಏನು, ಯಾವತ್ತು ಕೇಳಿದ್ದು, ಮತ್ತೆ ಯಾವತ್ತು ಕೇಳಬೇಕು. ನಾಲ್ಕನೆಯದನ್ನು ಕೇಳಿದ ದಿನವೇ ಬರೆದುಬಿಡಿ. ಹಾಗೆ ಮಾಡಿದರೆ ಜ್ಞಾಪಿಸುವಾಗ ಸಿಟ್ಟು ಇರುವುದಿಲ್ಲ. "ಗುರುವಾರದೊಳಗೆ ಬರದಿದ್ದರೆ ಶುಕ್ರವಾರ ಬೆಳಿಗ್ಗೆ ಒಮ್ಮೆ ಫೋನ್ ಮಾಡ್ತೀನಿ, ಸರಿ ತಾನೆ?" ಎಂದು ಮೊದಲೇ ಹೇಳಿದ್ದರೆ ಆ ಫೋನು ಯಾರಿಗೂ ದೂರೆನಿಸುವುದಿಲ್ಲ. ಸಂಬಂಧ ಕೆಡದೆ ಕೆಲಸ ಸಾಗಿಸುವುದು ಒಂದು ಕೌಶಲ. ಅದನ್ನು ಯಾವ ತರಬೇತಿಯಲ್ಲೂ ಸಾಕಷ್ಟು ಹೇಳಿಕೊಡುವುದಿಲ್ಲ ಎಂಬ ಕೊರಗು ನನಗಿದೆ.

ಇಮೇಲ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಇನ್‌ಬಾಕ್ಸನ್ನೇ ಕೆಲಸದ ಪಟ್ಟಿ ಮಾಡಿಕೊಂಡರೆ ನಿಮ್ಮ ದಿನದ ಕ್ರಮವನ್ನು ಕೊನೆಗೆ ಮೇಲ್ ಕಳಿಸಿದವರು ನಿರ್ಧರಿಸುತ್ತಾರೆ. ಕುಶ್ಲೆವ್ ಮತ್ತು ಡನ್ ಎಂಬ ಸಂಶೋಧಕರು 2015ರಲ್ಲಿ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. 124 ಮಂದಿಗೆ ಒಂದು ವಾರ ದಿನಕ್ಕೆ ಮೂರು ಸಲ ಮಾತ್ರ ಇಮೇಲ್ ನೋಡಲು ಹೇಳಿದರು, ಇನ್ನೊಂದು ವಾರ ಎಷ್ಟು ಸಲ ಬೇಕಾದರೂ. ಮಿತಿ ಇದ್ದ ವಾರದಲ್ಲಿ ಒತ್ತಡ ಕಡಿಮೆ ಇತ್ತು. ನಿಮಗೆ ಮೂರು ಸಲ ಸಾಧ್ಯವಿಲ್ಲದಿದ್ದರೆ ಗಂಟೆಗೊಮ್ಮೆ ನೋಡಿ, ನಡುವೆ ನೋಟಿಫಿಕೇಶನ್ ನಿಲ್ಲಿಸಿ. ನೋಡುವಾಗ ಉತ್ತರಿಸಬೇಕಾದದ್ದಕ್ಕೆ ಉತ್ತರಿಸಿ, ಕೆಲಸವಿರುವುದನ್ನು ಪಟ್ಟಿಗೆ ಇಳಿಸಿ. ಬರೆಯುವಾಗ ಒಂದು ಮೇಲ್‌ನಲ್ಲಿ ಒಂದೇ ಕೋರಿಕೆ ಇರಲಿ, ಮೊದಲ ಎರಡು ಸಾಲಿನಲ್ಲಿ ಏನು ಬೇಕು, ಯಾವತ್ತಿಗೆ ಬೇಕು ಎಂಬುದು ಬಂದುಬಿಡಲಿ. ಐದು ಪ್ರಶ್ನೆಯ ಮೇಲ್‌ಗೆ ಸುಲಭದ ಎರಡಕ್ಕೆ ಉತ್ತರ ಬರುತ್ತದೆ, ಬೇಕಾಗಿದ್ದ ಮೂರಕ್ಕೆ ಬರುವುದಿಲ್ಲ.

ಈಗ ಹೊತ್ತಿನ ಅಂದಾಜು. ನಾವೆಲ್ಲ ಇದರಲ್ಲಿ ತಪ್ಪುತ್ತೇವೆ, ತಪ್ಪುವುದೂ ಒಂದೇ ದಿಕ್ಕಿಗೆ. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬ್ಯೂಲರ್ ಮತ್ತು ಸಂಗಡಿಗರು ವಿದ್ಯಾರ್ಥಿಗಳನ್ನು ನಿಮ್ಮ ಪ್ರಬಂಧ ಎಷ್ಟು ದಿನದಲ್ಲಿ ಮುಗಿಯುತ್ತದೆ ಎಂದು ಕೇಳಿದ್ದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೆಟ್ಟು ನಿಂತರೆ? ಸುಮಾರು 49 ದಿನ ಎಂದರು. ನಿಜಕ್ಕೂ ಹಿಡಿದದ್ದು 55ಕ್ಕೂ ಹೆಚ್ಚು ದಿನ. ಎಲ್ಲ ಕೆಟ್ಟರೆ ಎಂದು ಊಹಿಸಿದ್ದೂ ಸಾಲಲಿಲ್ಲ. ಆದ್ದರಿಂದ ಮುಂದಿನ ಕೆಲಸದ ಅಂದಾಜನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡು ಮಾಡಬೇಡಿ. ಹಿಂದಿನ ಸಲ ಇದೇ ರೀತಿಯ ಕೆಲಸಕ್ಕೆ ಎಷ್ಟು ಹಿಡಿಯಿತು ನೋಡಿ. ಕಳೆದ ಮೂರು ತಿಂಗಳ ವರದಿಗೂ ಒಂದೂವರೆ ದಿನ ಹಿಡಿದಿದ್ದರೆ ಈ ತಿಂಗಳಿನದಕ್ಕೂ ಅಷ್ಟೇ. ಈ ಸಲ ಬೇಗ ಆಗುತ್ತದೆ ಎಂದು ನಂಬಲು ಯಾವ ಕಾರಣವೂ ಇಲ್ಲ.

ಹೊತ್ತನ್ನು ಪೂರ್ತಿ ತುಂಬಿಸುವುದರ ಅಪಾಯ ಇನ್ನೊಂದು. ಕ್ಯಾಲೆಂಡರ್ ತುಂಬಿದ್ದರೆ ಹೆಮ್ಮೆ ಎನಿಸುತ್ತದೆ. ಮತ್ತೆ ಸರತಿ ಸಾಲಿನ ಗಣಿತಕ್ಕೇ ಬರುತ್ತೇನೆ. ಕೆಲಸಗಳು ಹೇಳದೆ ಕೇಳದೆ ಬರುತ್ತವೆ, ಮಾಡುವವರು ಒಬ್ಬರೇ ಎಂಬ ಅತ್ಯಂತ ಸರಳ ಮಾದರಿ ತೆಗೆದುಕೊಳ್ಳಿ. ಒಂದು ಕೆಲಸಕ್ಕೆ ಸರಾಸರಿ ಅರ್ಧ ಗಂಟೆ. ನಿಮ್ಮ ಹೊತ್ತಿನ ಶೇ 80ರಷ್ಟು ತುಂಬಿದ್ದರೆ ಹೊಸ ಕೆಲಸವೊಂದು ನಿಮ್ಮ ಕೈ ಸೇರಲು ಸರಾಸರಿ ಎರಡು ಗಂಟೆ ಕಾಯಬೇಕು. ಶೇ 90 ತುಂಬಿದರೆ ನಾಲ್ಕೂವರೆ ಗಂಟೆ. ಶೇ 95 ಆದರೆ ಒಂಬತ್ತೂವರೆ ಗಂಟೆ, ಅಂದರೆ ಮರುದಿನ. ಕೊನೆಯ ಐದು ಪಾಲು ಕೆಲಸ ಸೇರಿಸಿದ್ದಕ್ಕೆ ಕಾಯುವಿಕೆ ಎರಡು ಪಟ್ಟಿಗಿಂತ ಹೆಚ್ಚಾಯಿತು. ಹೆದ್ದಾರಿಯಲ್ಲಿ ವಾಹನ ಹೆಚ್ಚಿದಂತೆ ಸ್ವಲ್ಪ ಸ್ವಲ್ಪವೇ ನಿಧಾನವಾಗುವ ಬದಲು ಒಂದು ಹಂತದಲ್ಲಿ ಇದ್ದಕ್ಕಿದ್ದಂತೆ ನಿಂತುಬಿಡುತ್ತದಲ್ಲ, ಹಾಗೆಯೇ ಇದೂ. ಹಾಗಾಗಿ ದಿನಕ್ಕೆ ಒಂದೂವರೆ ಗಂಟೆ ಖಾಲಿ ಬಿಡಿ ಎನ್ನುತ್ತೇನೆ. ಅದು ವ್ಯರ್ಥವಾಗುವುದಿಲ್ಲ, ಬರುವ ಕೆಲಸ ಬಂದೇ ಬರುತ್ತದೆ.

ಮೀಟಿಂಗ್ ಬಗ್ಗೆ ಎಲ್ಲರೂ ಬೇಕಾದಷ್ಟು ಹೇಳಿದ್ದಾರೆ. ನನ್ನದು ಒಂದೇ ಕೋರಿಕೆ: ಏಳುವ ಮುಂಚೆ ಯಾರು, ಏನು, ಯಾವತ್ತಿಗೆ ಎಂಬುದನ್ನು ಯಾರಾದರೂ ಒಬ್ಬರು ಗಟ್ಟಿಯಾಗಿ ಓದಲಿ. ಕೆಲಸ ಯಾರ ಹೆಸರಿಗೂ ಬೀಳದೆ ಹೋದದ್ದು ಆಗಲೇ ಗೊತ್ತಾಗುತ್ತದೆ.

ಫೈಲುಗಳ ಹೆಸರೂ ಹೊತ್ತು ತಿನ್ನುವ ಸಣ್ಣ ವಿಷಯ. "ಫೈನಲ್", "ಫೈನಲ್ ಹೊಸದು", "ಫೈನಲ್ ತಿದ್ದಿದ್ದು" ಎಂಬ ಮೂರು ಫೈಲು ಯಾವ ಫೋಲ್ಡರಿನಲ್ಲಿಲ್ಲ ಹೇಳಿ. ಹೆಸರಿನ ಮೊದಲಿಗೆ ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಹಾಕಿ, 2024-03-15 ಎಂಬಂತೆ. ಐಎಸ್ಒ 8601 ಎಂಬ ಅಂತರರಾಷ್ಟ್ರೀಯ ಮಾನಕ 1988ರಿಂದ ಹೇಳುತ್ತಿರುವ ಕ್ರಮ ಇದು. ಹೀಗೆ ಬರೆದರೆ ಕಂಪ್ಯೂಟರ್ ಹೆಸರಿನ ಪ್ರಕಾರ ಜೋಡಿಸಿದಾಗ ಕಾಲಕ್ರಮ ತಾನಾಗಿಯೇ ಬರುತ್ತದೆ. ದಿನವನ್ನು ಮೊದಲು ಬರೆದರೆ ಬೇರೆ ಬೇರೆ ತಿಂಗಳಿನ ಒಂದನೇ ತಾರೀಖುಗಳೆಲ್ಲ ಒಟ್ಟಿಗೆ ಬಂದು ನಿಲ್ಲುತ್ತವೆ.

ಇಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಪ್ರಶ್ನೆ ಕೇಳಿದರು: "ಮೇಡಂ, ನೀವು ಹೇಳೋದೆಲ್ಲ ಬಾಗಿಲು ಹಾಕಿಕೊಂಡು ಕೂರೋರಿಗೆ. ನಾನು ಕೌಂಟರಿನಲ್ಲಿ ಇರ್ತೀನಿ. ಜನ ಬರ್ತಾನೇ ಇರ್ತಾರೆ, ಸಾಹೇಬರೂ ಕರೀತಾರೆ. ನಾನು ಒಂದನ್ನು ಮುಗಿಸಿ ಇನ್ನೊಂದು ಮಾಡೋದು ಹೇಗೆ?"

ಕೇಳಿದ್ದಕ್ಕೆ ಧನ್ಯವಾದ. ಈ ಪ್ರಶ್ನೆ ಬರದಿದ್ದರೆ ಉಪನ್ಯಾಸ ಅರ್ಧದಷ್ಟು ಜನರಿಗೆ ಉಪಯೋಗವಾಗುತ್ತಿರಲಿಲ್ಲ. ಕೌಂಟರಿನ ಎದುರು ನಿಂತವರನ್ನು ಕಾಯಿಸಿ ಎಂದು ನಾನು ಹೇಳಲಾರೆ. ಅವರ ಕೆಲಸವೇ ನಿಮ್ಮ ಕೆಲಸ, ಅದು ಅಡಚಣೆಯಲ್ಲ. ಅದರ ನಡುವೆ ನೀವು ಮಾಡುವ ರಿಜಿಸ್ಟರ್ ನಮೂದು, ತಿಂಗಳ ಪಟ್ಟಿ ಇವೆಯಲ್ಲ, ಅವು ತುಂಡಾಗುತ್ತವೆ. ಮೊದಲು ಹೇಳಿದ ಸೋಫಿ ಲೆರಾಯ್ ಅವರೇ ತೆರೇಸಾ ಗ್ಲಾಂಬ್ ಎಂಬವರ ಜೊತೆ 2018ರಲ್ಲಿ ಇದಕ್ಕೊಂದು ಉಪಾಯವನ್ನು ಪ್ರಕಟಿಸಿದ್ದಾರೆ. ಕೆಲಸ ತುಂಡಾಗುವ ಕ್ಷಣದಲ್ಲಿ, ಎಲ್ಲಿಗೆ ನಿಂತಿದೆ, ವಾಪಸ್ ಬಂದ ಮೇಲೆ ಮೊದಲು ಏನು ಮಾಡಬೇಕು ಎಂದು ಚುಟುಕಾಗಿ ಬರೆದಿಟ್ಟವರು ಮುಂದಿನ ಕೆಲಸದಲ್ಲಿ ಪೂರ್ತಿ ಮನಸ್ಸಿಡಬಲ್ಲರು. "47ನೇ ಸಾಲಿನವರೆಗೆ ಆಯಿತು, 48ರ ಮೊತ್ತ ರಸೀದಿ ಜೊತೆ ತಾಳೆ ನೋಡಬೇಕು" ಎಂದು ಬರೆಯಲು ಎಷ್ಟು ಹೊತ್ತು ಬೇಕು? "ಒಂದೇ ನಿಮಿಷ" ಎಂದರೆ ಎದುರಿಗಿರುವವರೂ ಒಪ್ಪುತ್ತಾರೆ.

ಸಾಹೇಬರು ಕರೆಯುವ ವಿಷಯ ಬೇರೆ. ಇಲ್ಲ ಎನ್ನುವ ಅಧಿಕಾರ ಎಲ್ಲರಿಗೂ ಇರುವುದಿಲ್ಲ, ಇದೆಯೆಂದು ನಟಿಸುವುದೂ ಸರಿಯಲ್ಲ. ಪಟ್ಟಿಯನ್ನು ತೋರಿಸುವುದು ಮಾತ್ರ ಎಲ್ಲರಿಂದಲೂ ಆಗುತ್ತದೆ. "ಸರ್, ಇವತ್ತು ಈ ಎರಡನ್ನು ಮುಗಿಸಬೇಕಿತ್ತು. ಇದನ್ನು ಈಗ ತಗೊಂಡರೆ ಇವುಗಳಲ್ಲಿ ಯಾವುದನ್ನು ನಾಳೆಗೆ ಇಡಲಿ?" ಇದರಲ್ಲಿ ನಿರಾಕರಣೆಯಿಲ್ಲ, ತೀರ್ಮಾನವನ್ನು ಅದು ಸೇರಬೇಕಾದವರಿಗೇ ಒಪ್ಪಿಸುತ್ತಿದ್ದೀರಿ. ಪಟ್ಟಿ ಕೈಯಲ್ಲಿಲ್ಲದೆ ಹೇಳಿದರೆ ಇದೇ ಮಾತು ಗೊಣಗಾಟದಂತೆ ಕೇಳುತ್ತದೆ.

ಈ ಸಭೆಯಲ್ಲಿ ಮೇಲಧಿಕಾರಿಗಳೂ ಇದ್ದೀರಿ. ನಿಮಗೆ ನೇರವಾಗಿ ಹೇಳುತ್ತೇನೆ. ನಿಮ್ಮ ಕೈಕೆಳಗಿನವರು ಎಷ್ಟೇ ಅಚ್ಚುಕಟ್ಟಾಗಿದ್ದರೂ, ನೀವು ಎಲ್ಲವನ್ನೂ "ಅರ್ಜೆಂಟ್" ಎಂದು ಕೊಟ್ಟರೆ ಅವರ ಪಟ್ಟಿಗೆ ಅರ್ಥವಿರುವುದಿಲ್ಲ. ಕೊಡುವಾಗ ತಾರೀಖು ಹೇಳಿ, ಆ ತಾರೀಖಿಗೆ ಕಾರಣವನ್ನೂ ಹೇಳಿ. ಹೊಸದನ್ನು ಕೊಡುವ ಮೊದಲು "ಈಗ ಏನೇನು ಕೈಯಲ್ಲಿದೆ?" ಎಂದು ಕೇಳಿ. ಒಬ್ಬರ ಮೇಜಿನ ಮೇಲೆ ಏಕಕಾಲಕ್ಕೆ ಎಷ್ಟು ಕೆಲಸ ತೆರೆದಿರಬಹುದು ಎಂಬುದಕ್ಕೆ ಮಿತಿ ಹಾಕುವುದು ನಿಮ್ಮ ಹೊಣೆ. ಅದನ್ನು ಅವರ ಸ್ವಂತ ಶಿಸ್ತಿಗೆ ಬಿಟ್ಟು ನೀವು ಸುಮ್ಮನಿರುವುದು ಅನ್ಯಾಯ ಎಂದೇ ನಾನು ಭಾವಿಸುತ್ತೇನೆ. ಮನೆಗೆ ಹೋದ ಮೇಲೂ ಕಚೇರಿಯ ಬಾಕಿಯನ್ನು ತಲೆಯಲ್ಲಿ ಹೊತ್ತು ಕೂರುವವರನ್ನು ನಾನು ಬಹಳ ನೋಡಿದ್ದೇನೆ. ಅವರ ಸಂಜೆಗಳಿಗೂ ಬೆಲೆಯಿದೆ.

ಕೊನೆಯದಾಗಿ, ದಿನದ ಅಂಚಿನ ಹತ್ತು ನಿಮಿಷ. ಹೊರಡುವ ಮುಂಚೆ ಪಟ್ಟಿ ತೆರೆಯಿರಿ. ಮುಗಿದದ್ದನ್ನು ಹೊಡೆದು ಹಾಕಿ, ತಲೆಯಲ್ಲಿ ಉಳಿದದ್ದನ್ನು ಇಳಿಸಿ, ಯಾರಿಗೆ ಜ್ಞಾಪಿಸಬೇಕು ನೋಡಿ. ನಾಳೆಗೆ ಮೂರನ್ನು ಆರಿಸಿ, ಮೊದಲನೆಯದು ಯಾವುದೆಂದು ಈಗಲೇ ತೀರ್ಮಾನಿಸಿ, ಅದಕ್ಕೆ ಬೇಕಾದ ಫೈಲನ್ನು ಮೇಜಿನ ಮೇಲೆ ತೆಗೆದಿಡಿ. ವಾರಕ್ಕೊಮ್ಮೆ ಇನ್ನೊಂದು ಅರ್ಧ ಗಂಟೆ ಕೊಟ್ಟು ಪೂರ್ತಿ ಪಟ್ಟಿಯನ್ನು ಓದಿ. ಮೂರು ವಾರದಿಂದ ಅಲುಗದ ಕೆಲಸವಿದ್ದರೆ ಅದನ್ನು ಕೇಳಿದವರ ಬಳಿ ಹೋಗಿ, ಇನ್ನೂ ಬೇಕೇ ಎಂದು ವಿಚಾರಿಸಿ. ಬೇಕು ಎಂದರೆ ದಿನ ಗೊತ್ತು ಮಾಡಿ. ಬೇಡ ಎಂದರೆ ಅಲ್ಲೇ ಅಳಿಸಿ.

ಈಗ ನಿಮ್ಮ ಮುಂದಿರುವ ಪಟ್ಟಿಯಲ್ಲೂ ಅಂಥದ್ದು ಒಂದಾದರೂ ಇರುತ್ತದೆ. ನಾಳೆ ಬೆಳಿಗ್ಗೆ ಹೋಗಿ ಮೊದಲು ಅದನ್ನು ವಿಚಾರಿಸಿ. ಬಾಕಿ ಪ್ರಶ್ನೆಗಳಿದ್ದರೆ ಈಗ ಕೇಳಬಹುದು.